‘ಆವರೇಜ್ ಔಟ್’: ಸರಾಸರಿ ಬೀಳುವುದು ಮತ್ತು ಸರಿದೂಗುವುದು

ಗಣಿತದ ಅವಧಿಯಲ್ಲಿ ಸರಾಸರಿಯನ್ನು ತಪ್ಪಿಲ್ಲದೆ ಕಂಡುಹಿಡಿಯುವ ವಿದ್ಯಾರ್ಥಿಯೇ ಇಂಗ್ಲಿಷ್ ವಾಕ್ಯವೊಂದರಲ್ಲಿ ‘ಆವರೇಜ್ ಔಟ್’ ಎಂಬ ಪ್ರಯೋಗ ಎದುರಾದೊಡನೆ ತಡವರಿಸುವುದುಂಟು. ಇದಕ್ಕೆ ಗಣಿತಜ್ಞಾನದ ಕೊರತೆ ಕಾರಣವಲ್ಲ. ‘ಆವರೇಜ್’ ಎಂದರೆ ಸರಾಸರಿ ಎಂಬುದು ಆ ವಿದ್ಯಾರ್ಥಿಗೆ ತಿಳಿದಿದೆ. ‘ಔಟ್’ ಎಂದರೆ ಹೊರಗೆ ಎಂಬುದೂ ತಿಳಿದಿದೆ. ಎರಡನ್ನೂ ಕೂಡಿಸಿದಾಗ ‘ಸರಾಸರಿ ಹೊರಗೆ’ ಎಂಬ ಅರ್ಥವಿಲ್ಲದ ಮಾತು ಕೈಗೆ ಬರುತ್ತದೆ, ಓದು ಅಲ್ಲಿಗೆ ನಿಲ್ಲುತ್ತದೆ.

ಗಡಿನಾಡಿನ ಕನ್ನಡ ಶಾಲೆಗಳ ಮಟ್ಟಿಗೆ ಇದು ಸಣ್ಣ ತೊಡಕಲ್ಲ. ಹತ್ತನೆಯ ತರಗತಿಯವರೆಗೆ ವಿಜ್ಞಾನ, ಗಣಿತ, ಸಮಾಜವಿಜ್ಞಾನಗಳನ್ನು ಕನ್ನಡದಲ್ಲಿ ಓದಿದ ಮಕ್ಕಳಲ್ಲಿ ಅನೇಕರು ಮುಂದೆ ಅದೇ ವಿಷಯಗಳನ್ನು ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಅಲ್ಲಿ ಅವರನ್ನು ಎಡವಿಸುವುದು ದೊಡ್ಡ ಪಾರಿಭಾಷಿಕ ಪದಗಳಲ್ಲ. ಅವುಗಳಿಗೆ ಪುಸ್ತಕದಲ್ಲೇ ವಿವರಣೆ ಇರುತ್ತದೆ. ಯಾರೂ ವಿವರಿಸದ ಇಂಥ ಚಿಕ್ಕ ಪ್ರಯೋಗಗಳೇ ವಾಕ್ಯದ ಅರ್ಥವನ್ನು ಮರೆಮಾಡುತ್ತವೆ. ಏಳನೆಯ ತರಗತಿಯಿಂದ ಮೇಲೆ, ಸರಾಸರಿಯ ಪಾಠ ಮುಗಿದ ಬಳಿಕ, ಒಂದೆರಡು ಅವಧಿಗಳಲ್ಲಿ ಈ ಪ್ರಯೋಗವನ್ನು ಪರಿಚಯಿಸಬಹುದು. ಈ ಲೇಖನದಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಇಂಗ್ಲಿಷ್ ವಾಕ್ಯಗಳನ್ನು ಶಿಕ್ಷಕರು ಕಪ್ಪುಹಲಗೆಯ ಮೇಲೆ ಇಂಗ್ಲಿಷ್ ಲಿಪಿಯಲ್ಲೇ ಬರೆಯುವುದು ಅಗತ್ಯ.

ಪದದ ಹಿನ್ನೆಲೆ

‘ಆವರೇಜ್’ ಎಂಬ ಪದ ಹುಟ್ಟಿದ್ದು ಶಾಲೆಯಲ್ಲಲ್ಲ, ಬಂದರಿನಲ್ಲಿ. ಹಾಳಾದ ಸರಕು ಎಂಬರ್ಥದ ಅರಬ್ಬಿ ಪದವೊಂದು ಇಟಾಲಿಯನ್ ಮತ್ತು ಫ್ರೆಂಚ್ ಭಾಷೆಗಳ ಮೂಲಕ ಇಂಗ್ಲಿಷಿಗೆ ಬಂದಿತು. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಉಳಿಸಲು ಸ್ವಲ್ಪ ಸರಕನ್ನು ಸಮುದ್ರಕ್ಕೆ ಎಸೆಯಬೇಕಾಗಿ ಬಂದರೆ, ಆ ನಷ್ಟವನ್ನು ಸರಕು ಕಳೆದುಕೊಂಡವನೊಬ್ಬನೇ ಹೊರುವುದು ನ್ಯಾಯವಲ್ಲ. ಹಡಗಿನ ಒಡೆಯನೂ ಉಳಿದ ವರ್ತಕರೂ ತಮ್ಮ ತಮ್ಮ ಸರಕಿನ ಬೆಲೆಗೆ ತಕ್ಕಂತೆ ಅದನ್ನು ಹಂಚಿಕೊಳ್ಳಬೇಕು. ಹೀಗೆ ಹಂಚಿಕೊಂಡ ನಷ್ಟಕ್ಕೆ ‘ಆವರೇಜ್’ ಎಂಬ ಹೆಸರಾಯಿತು. ಹಂಚುವ ಲೆಕ್ಕದಿಂದ ಸರಾಸರಿಯ ಲೆಕ್ಕಕ್ಕೆ ಪದವು ಸರಿದದ್ದು ಹದಿನೆಂಟನೆಯ ಶತಮಾನದಲ್ಲಿ. ಹಡಗು ವಿಮೆಯ ಭಾಷೆಯಲ್ಲಿ ಹಳೆಯ ಅರ್ಥ ಇಂದಿಗೂ ಉಳಿದಿದೆ. ಭಾರತದ 1963ರ ಸಾಗರ ವಿಮಾ ಅಧಿನಿಯಮದಲ್ಲಿ ‘ಜನರಲ್ ಆವರೇಜ್’ ಎಂಬುದು ಇದೇ ಅರ್ಥದಲ್ಲಿ ಬರುತ್ತದೆ.

ಈ ಕಥೆಯನ್ನು ಮಕ್ಕಳಿಗೆ ಹೇಳುವುದರಿಂದ ಒಂದು ಪ್ರಯೋಜನವಿದೆ. ಕೂಡಿಸಿ ಭಾಗಿಸುವುದು ಎಂಬ ಯಾಂತ್ರಿಕ ಕ್ರಮದ ಹಿಂದೆ, ಹೆಚ್ಚು ಕಡಿಮೆ ಇರುವುದನ್ನು ಎಲ್ಲರ ನಡುವೆ ಸಮವಾಗಿ ಹರಡುವ ಭಾವನೆ ಇದೆ ಎಂಬುದು ಅವರಿಗೆ ಮನದಟ್ಟಾಗುತ್ತದೆ. ‘ಆವರೇಜ್ ಔಟ್’ ಎಂಬ ಪ್ರಯೋಗ ನಿಂತಿರುವುದು ಈ ಭಾವನೆಯ ಮೇಲೆಯೇ.

‘ಔಟ್’ ಮಾಡುವ ಕೆಲಸ

ಕ್ರಿಯಾಪದವೊಂದು ಚಿಕ್ಕ ಅವ್ಯಯದೊಡನೆ ಕೂಡಿ ಹೊಸ ಅರ್ಥ ಪಡೆಯುವುದನ್ನು ಇಂಗ್ಲಿಷ್ ವ್ಯಾಕರಣವು ‘ಫ್ರೇಸಲ್ ವರ್ಬ್’ ಎನ್ನುತ್ತದೆ. ಕನ್ನಡಕ್ಕೆ ಇದು ತೀರ ಹೊಸದೇನಲ್ಲ. ‘ಹೋಗು’ ಎಂದರೆ ನಡೆದು ದೂರವಾಗು. ಆದರೆ ‘ಸರಿಹೋಯಿತು’, ‘ಒಣಗಿಹೋಯಿತು’ ಎಂಬಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ‘ಹಾಕು’ ಎಂಬುದಕ್ಕೆ ಇಡು, ಸುರಿ ಎಂಬ ಅರ್ಥಗಳಿವೆ. ಆದರೆ ‘ಲೆಕ್ಕ ಹಾಕು’ ಎಂಬಲ್ಲಿ ಏನನ್ನೂ ಸುರಿಯುವುದಿಲ್ಲ. ಕನ್ನಡದಲ್ಲಿ ಸಹಾಯಕ್ಕೆ ನಿಂತ ಕ್ರಿಯಾಪದವು ಮುಖ್ಯಪದದ ಅರ್ಥವನ್ನು ತುದಿಮುಟ್ಟಿಸುವಂತೆ ಇಂಗ್ಲಿಷಿನಲ್ಲಿ ‘ಔಟ್’ ಆ ಕೆಲಸ ಮಾಡುತ್ತದೆ.

‘ವರ್ಕ್ ಔಟ್’ ಎಂದರೆ ಲೆಕ್ಕವನ್ನು ಕೊನೆಮುಟ್ಟಿಸುವುದು. ‘ಈವನ್ ಔಟ್’, ‘ಲೆವೆಲ್ ಔಟ್’, ‘ಬ್ಯಾಲೆನ್ಸ್ ಔಟ್’, ‘ಕ್ಯಾನ್ಸಲ್ ಔಟ್’ ಎಂಬವುಗಳಲ್ಲೆಲ್ಲ ಏರುಪೇರು ಅಳಿದು ಒಂದು ಮಟ್ಟಕ್ಕೆ ಬರುವ ಅರ್ಥವಿದೆ. ಈ ನಾಲ್ಕೈದು ಪದಗಳನ್ನು ಒಂದೇ ಕುಟುಂಬವಾಗಿ ಹಲಗೆಯ ಮೇಲೆ ಬರೆದು ತೋರಿಸಿದರೆ, ‘ಆವರೇಜ್ ಔಟ್’ ಆ ಕುಟುಂಬದ ಸದಸ್ಯ ಎಂಬುದು ಬೇಗ ತಿಳಿಯುತ್ತದೆ.

ಮಕ್ಕಳಿಗೆ ‘ಔಟ್’ ಎಂದೊಡನೆ ನೆನಪಾಗುವುದು ಕ್ರಿಕೆಟ್. ‘ಆವರೇಜ್’ ಎಂಬ ಪದವನ್ನೂ ಅವರು ಮೊದಲು ಕೇಳುವುದು ಬಹುಮಟ್ಟಿಗೆ ಅಲ್ಲಿಯೇ. ಇದನ್ನು ಅಡ್ಡಿಯೆಂದು ಬಗೆಯದೆ ಪಾಠಕ್ಕೆ ಬಳಸಿಕೊಳ್ಳಬಹುದು. ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ 286 ಇನ್ನಿಂಗ್ಸ್‌ಗಳಲ್ಲಿ ಆಡಿ 13,288 ರನ್ ಗಳಿಸಿದರು. ಅವುಗಳಲ್ಲಿ 32 ಬಾರಿ ಔಟಾಗದೆ ಉಳಿದರು. ಬ್ಯಾಟಿಂಗ್ ಸರಾಸರಿಯನ್ನು ಇನ್ನಿಂಗ್ಸ್‌ಗಳ ಸಂಖ್ಯೆಯಿಂದ ಭಾಗಿಸುವುದಿಲ್ಲ, ಔಟಾದ ಸಲಗಳಿಂದ ಭಾಗಿಸಲಾಗುತ್ತದೆ. 13,288ನ್ನು 254ರಿಂದ ಭಾಗಿಸಿದಾಗ 52.31 ಬರುತ್ತದೆ, 286ರಿಂದ ಭಾಗಿಸಿದ್ದರೆ 46.46 ಬರುತ್ತಿತ್ತು. ಯಾವುದರಿಂದ ಭಾಗಿಸಬೇಕು ಎಂಬ ಪ್ರಶ್ನೆ ಎಷ್ಟು ಮುಖ್ಯ ಎಂಬುದನ್ನು ಈ ಒಂದು ಉದಾಹರಣೆ ಮಕ್ಕಳಿಗೆ ತೋರಿಸುತ್ತದೆ. ಆದರೆ ಆಟದ ‘ಔಟ್’ ಬೇರೆ, ‘ಆವರೇಜ್ ಔಟ್’ನಲ್ಲಿರುವ ‘ಔಟ್’ ಬೇರೆ ಎಂಬುದನ್ನು ಅದೇ ಹೊತ್ತಿಗೆ ಸ್ಪಷ್ಟಪಡಿಸಬೇಕು.

ಮೂರು ಪ್ರಯೋಗಗಳು, ಮೂರು ಕನ್ನಡ ಮಾತುಗಳು

ಈ ಫ್ರೇಸಲ್ ವರ್ಬ್‌ಗೆ ಕನ್ನಡದಲ್ಲಿ ಒಂದೇ ಸಮಾನಪದ ಹುಡುಕುವುದರಿಂದಲೇ ತೊಡಕು ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಮೂರು ಬಳಕೆಗಳಿವೆ. ಕನ್ನಡದಲ್ಲಿ ಮೂರಕ್ಕೂ ಬೇರೆ ಬೇರೆ ಮಾತುಗಳಿವೆ.

ಒಂದು, ಲೆಕ್ಕದ ಫಲವನ್ನು ಹೇಳುವ ಬಳಕೆ. ಇಪ್ಪತ್ತೈದು ಮಕ್ಕಳ ಪ್ರವಾಸಕ್ಕೆ ಒಟ್ಟು 3,000 ರೂಪಾಯಿ ಖರ್ಚಾದರೆ, ‘ದ ಕಾಸ್ಟ್ ಆವರೇಜಸ್ ಔಟ್ ಅಟ್ 120 ರುಪೀಸ್ ಎ ಹೆಡ್.’ ಇದನ್ನು ಕನ್ನಡಿಗರು ‘ತಲೆಗೆ 120 ರೂಪಾಯಿ ಬೀಳುತ್ತದೆ’ ಎನ್ನುತ್ತಾರೆ. ಇಲ್ಲಿ ‘ಬೀಳು’ ಎಂಬುದೇ ಸರಿಯಾದ ಸಮಾನಪದ. ಫಲದ ಸಂಖ್ಯೆಯ ಮುಂಚೆ ‘ಅಟ್’ ಅಥವಾ ‘ಟು’ ಬರಬೇಕು. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಅಟ್’ ಹೆಚ್ಚು, ಅಮೆರಿಕದ ಇಂಗ್ಲಿಷಿನಲ್ಲಿ ‘ಟು’ ಹೆಚ್ಚು, ಎರಡೂ ಸರಿಯೇ. ತರಗತಿಯಲ್ಲಿ ಒಂದನ್ನು ಆರಿಸಿಕೊಂಡು ಅದನ್ನೇ ಕಲಿಸಿದರೆ ಗೊಂದಲ ತಪ್ಪುತ್ತದೆ.

ಎರಡು, ಏರುಪೇರು ತಾನಾಗಿ ಅಳಿಯುವುದನ್ನು ಹೇಳುವ ಬಳಕೆ. ‘ಗುಡ್ ಡೇಸ್ ಅಂಡ್ ಬ್ಯಾಡ್ ಡೇಸ್ ಆವರೇಜ್ ಔಟ್ ಇನ್ ದಿ ಎಂಡ್.’ ಒಳ್ಳೆಯ ದಿನಗಳೂ ಕೆಟ್ಟ ದಿನಗಳೂ ಕೊನೆಗೆ ಸರಿದೂಗುತ್ತವೆ. ಇಲ್ಲಿ ಸಂಖ್ಯೆಯಿಲ್ಲ, ಭಾಗಾಕಾರವೂ ಇಲ್ಲ. ಅಂಗಡಿಯವನೊಬ್ಬ ‘ಒಂದು ದಿನ ವ್ಯಾಪಾರ ಹೆಚ್ಚು, ಒಂದು ದಿನ ಕಡಿಮೆ, ಹೇಗೋ ಸರಿಹೋಗುತ್ತದೆ’ ಎಂದಾಗ ಅವನು ಹೇಳುವುದು ಇದನ್ನೇ. ಈ ಬಳಕೆಯಲ್ಲಿ ಕ್ರಿಯಾಪದವು ಅಕರ್ಮಕ. ಕರ್ತೃಪದವು ಒಂದಕ್ಕಿಂತ ಹೆಚ್ಚಿನ ಸಂಗತಿಗಳನ್ನು ಸೂಚಿಸುತ್ತಿರಬೇಕು. ಒಂದೇ ದಿನದ ಒಂದೇ ಅಂಕಿ ಸರಿದೂಗಲಾರದು.

ಮೂರು, ಯಾರಾದರೂ ಸರಾಸರಿ ತೆಗೆಯುವುದನ್ನು ಹೇಳುವ ಸಕರ್ಮಕ ಬಳಕೆ. ‘ಆವರೇಜ್ ಔಟ್ ದ ಮಾರ್ಕ್ಸ್ ಆಫ್ ದ ತ್ರೀ ಟೆಸ್ಟ್ಸ್.’ ಮೂರು ಪರೀಕ್ಷೆಗಳ ಅಂಕಗಳ ಸರಾಸರಿ ತೆಗೆ. ಕರ್ಮಪದವು ನಾಮಪದವಾಗಿದ್ದರೆ ಅದು ‘ಔಟ್’ನ ಮುಂಚೆಯೂ ಬರಬಹುದು, ಬಳಿಕವೂ ಬರಬಹುದು. ಸರ್ವನಾಮವಾಗಿದ್ದರೆ ನಡುವೆಯೇ ಬರಬೇಕು: ‘ಆವರೇಜ್ ದೆಮ್ ಔಟ್’ ಸರಿ, ‘ಆವರೇಜ್ ಔಟ್ ದೆಮ್’ ತಪ್ಪು. ಕರ್ಮಣಿ ಪ್ರಯೋಗವೂ ವಿಜ್ಞಾನದ ಪುಸ್ತಕಗಳಲ್ಲಿ ಬರುತ್ತದೆ: ‘ಸ್ಮಾಲ್ ಎರರ್ಸ್ ಆರ್ ಆವರೇಜ್ಡ್ ಔಟ್.’

ಬೀಳುತ್ತದೆ, ಸರಿದೂಗುತ್ತದೆ, ಸರಾಸರಿ ತೆಗೆ: ಈ ಮೂರು ಕನ್ನಡ ಮಾತುಗಳನ್ನು ಹಲಗೆಯ ಎಡಬದಿಯಲ್ಲಿ ಬರೆದು, ಪ್ರತಿ ಇಂಗ್ಲಿಷ್ ವಾಕ್ಯವನ್ನು ಯಾವುದರ ಎದುರು ಬರೆಯಬೇಕೆಂದು ಮಕ್ಕಳನ್ನೇ ಕೇಳುವುದು ಒಳ್ಳೆಯ ಚಟುವಟಿಕೆ. ಅರ್ಥವನ್ನು ಕನ್ನಡದಲ್ಲಿ ಗುರುತಿಸಬಲ್ಲ ಮಗುವಿಗೆ ಇಂಗ್ಲಿಷ್ ರಚನೆ ಹೊರೆಯಾಗುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪ್ರಥಮ ಪುರುಷ ಏಕವಚನದಲ್ಲಿ ‘ಸ್’ ಸೇರುವುದು ಕ್ರಿಯಾಪದಕ್ಕೆ, ಅವ್ಯಯಕ್ಕಲ್ಲ. ‘ಆವರೇಜಸ್ ಔಟ್’ ಸರಿ. ‘ಆವರೇಜ್ ಔಟ್ಸ್’ ತಪ್ಪು. ಭೂತಕಾಲದಲ್ಲೂ ಹಾಗೆಯೇ, ‘ಆವರೇಜ್ಡ್ ಔಟ್’. ನಿಷೇಧಾರ್ಥದಲ್ಲಿ ‘ಡಸ್ ನಾಟ್’ ಬಂದಾಗ ಕ್ರಿಯಾಪದದ ‘ಸ್’ ಬಿದ್ದುಹೋಗುತ್ತದೆ: ‘ಇಟ್ ಡಸ್ ನಾಟ್ ಆವರೇಜ್ ಔಟ್.’

‘ಆವರೇಜ್’ ಎಂಬುದು ‘ಔಟ್’ ಇಲ್ಲದೆಯೂ ಕ್ರಿಯಾಪದವಾಗಿ ನಿಲ್ಲುತ್ತದೆ. ಚಹಾ ತೋಟದಲ್ಲಿ ಎಲೆ ಕೀಳುವ ಒಬ್ಬಾಕೆ ವಾರದ ಆರು ದಿನ 22, 18, 25, 15, 20, 26 ಕಿಲೋ ಕಿತ್ತರೆ ಒಟ್ಟು 126. ದಿನಕ್ಕೆ 21 ಕಿಲೋ ಬೀಳುತ್ತದೆ. ಇದನ್ನು ‘ಶಿ ಆವರೇಜಸ್ 21 ಕಿಲೋಸ್ ಎ ಡೇ’ ಎನ್ನಬಹುದು, ‘ಹರ್ ಡೈಲಿ ಪಿಕಿಂಗ್ ಆವರೇಜಸ್ ಔಟ್ ಅಟ್ 21 ಕಿಲೋಸ್’ ಎನ್ನಬಹುದು. ಮೊದಲನೆಯದರಲ್ಲಿ ಕರ್ತೃ ವ್ಯಕ್ತಿ. ಎರಡನೆಯದರಲ್ಲಿ ಕರ್ತೃ ಅಳೆಯಲಾಗುವ ವಸ್ತು. ಎರಡನ್ನೂ ಬೆರೆಸಿ ‘ಶಿ ಆವರೇಜಸ್ ಔಟ್ 21 ಕಿಲೋಸ್’ ಎಂದರೆ ತಪ್ಪಾಗುತ್ತದೆ. ನೀಲಗಿರಿಯ ಮಕ್ಕಳಿಗೆ ಎಲೆಯ ತೂಕ, ಕಾಸರಗೋಡಿನ ಮಕ್ಕಳಿಗೆ ಅಡಕೆಯ ತೂಕ, ತಾಳವಾಡಿಯ ಮಕ್ಕಳಿಗೆ ಹಾಲಿನ ಅಳತೆ ಹೀಗೆ ಆಯಾ ಊರಿನ ಲೆಕ್ಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವುದು ಮೇಲು.

ಭಾರತದಲ್ಲಿ ಬಹಳವಾಗಿ ಕೇಳಿಬರುವ ‘ಆನ್ ಆನ್ ಆವರೇಜ್’ ಎಂಬುದಕ್ಕೆ ಬದಲಾಗಿ ಬೇರೆಡೆಯ ಇಂಗ್ಲಿಷಿನಲ್ಲಿ ‘ಆನ್ ಆವರೇಜ್’ ಎಂಬುದೇ ರೂಢಿ. ಮಕ್ಕಳಿಗೆ ಎರಡನೆಯದನ್ನು ಅಭ್ಯಾಸ ಮಾಡಿಸುವುದು ಉಚಿತ.

ಉಚ್ಚಾರಣೆಯಲ್ಲಿ, ಕನ್ನಡದ ಮಕ್ಕಳು ವ್ಯಂಜನದಲ್ಲಿ ಕೊನೆಗೊಳ್ಳುವ ಪದಕ್ಕೆ ಸ್ವರ ಸೇರಿಸಿ ‘ಆವರೇಜು ಔಟು’ ಎನ್ನುವುದು ಸಹಜ. ಎರಡು ಪದಗಳನ್ನು ನಿಲ್ಲಿಸದೆ ಕೂಡಿಸಿ ಹೇಳಿಸಿ, ಒತ್ತನ್ನು ‘ಔಟ್’ನ ಮೇಲೂ ಕೊಡಿಸಿದರೆ ಇದು ಕ್ರಮೇಣ ಸರಿಹೋಗುತ್ತದೆ. ಇದಕ್ಕಾಗಿ ಮಗುವನ್ನು ನಗೆಪಾಟಲು ಮಾಡಬಾರದು.

ನೆರೆಭಾಷೆಯ ನೆರವು, ನೆರೆಭಾಷೆಯ ತೊಡಕು

ಗಡಿನಾಡಿನ ಮಗುವಿನ ಕಿವಿಯ ಮೇಲೆ ರಾಜ್ಯಭಾಷೆಯೂ ದಿನವೂ ಬೀಳುತ್ತಿರುತ್ತದೆ. ಈ ವಿಷಯದಲ್ಲಿ ಅದು ಬಹುಪಾಲು ನೆರವೇ. ಮರಾಠಿಯಲ್ಲೂ ತಮಿಳಿನಲ್ಲೂ ಪದ ‘ಸರಾಸರಿ’ಯೇ, ಮಲಯಾಳದಲ್ಲಿ ‘ಶರಾಶರಿ’. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಂಬರ್ಥದ ಪಾರಸಿ ಮೂಲದಿಂದ ಬಂದ ಈ ಪದವನ್ನು ಇಷ್ಟು ಭಾಷೆಗಳು ಹಂಚಿಕೊಂಡಿವೆ. ಅಕ್ಕಲಕೋಟೆ, ಹೊಸೂರು, ಕಾಸರಗೋಡು ಮೂರೂ ಕಡೆ ಶಿಕ್ಷಕರು ನಿಶ್ಚಿಂತೆಯಿಂದ ನೆರೆಭಾಷೆಯ ಪದವನ್ನು ಆಧಾರವಾಗಿ ಬಳಸಬಹುದು.

ಆದೋನಿ, ರಾಯದುರ್ಗ, ಮಡಕಶಿರಾ ಭಾಗದಲ್ಲಿ ಮಾತ್ರ ಎಚ್ಚರ ಬೇಕು. ತೆಲುಗಿನಲ್ಲಿ ಸರಾಸರಿಗೆ ‘ಸಗಟು’ ಎನ್ನುತ್ತಾರೆ. ಕನ್ನಡದಲ್ಲಿ ‘ಸಗಟು’ ಎಂದರೆ ಒಟ್ಟಾಗಿ ಮಾರುವ ವ್ಯಾಪಾರ. ತೆಲುಗಿನಲ್ಲಿ ‘ಸರಾಸರಿ’ ಎಂಬುದಕ್ಕೆ ನೇರವಾಗಿ ಎಂಬ ಅರ್ಥವೂ ಇದೆ. ‘ಸಗಟು ಬೆಲೆ’ ಎಂದು ಕನ್ನಡ ಪುಸ್ತಕದಲ್ಲಿ ಓದಿದ ಮಗು ಅದನ್ನು ಸರಾಸರಿ ಬೆಲೆ ಎಂದು ತಿಳಿದರೆ ತಪ್ಪು ಮಗುವಿನದಲ್ಲ. ಎರಡು ಪದಗಳನ್ನೂ ಅಕ್ಕಪಕ್ಕ ಬರೆದು ಒಮ್ಮೆ ವ್ಯತ್ಯಾಸ ತೋರಿಸಿದರೆ ಸಾಕು.

ಯಾವುದು ಸರಿದೂಗುತ್ತದೆ, ಯಾವುದು ಸರಿದೂಗುವುದಿಲ್ಲ

ವಾಕ್ಯರಚನೆ ತಿಳಿದ ಬಳಿಕ ಉಳಿಯುವುದು ಹೆಚ್ಚು ಮುಖ್ಯವಾದ ಪ್ರಶ್ನೆ: ಈ ಮಾತನ್ನು ಎಲ್ಲಿ ಆಡಬಹುದು, ಎಲ್ಲಿ ಆಡಬಾರದು? ಇದಕ್ಕೆ ಅಳತೆಯ ಪ್ರಯೋಗವೊಂದು ಉಪಯುಕ್ತ.

ಐದು ಮಕ್ಕಳಿಂದ ಒಂದೇ ಬೆಂಚಿನ ಉದ್ದವನ್ನು ಬೇರೆ ಬೇರೆಯಾಗಿ ಅಳೆಯಿಸಬೇಕು. 121, 119, 120, 122, 118 ಸೆಂಟಿಮೀಟರ್ ಎಂದು ಬಂದಿತೆನ್ನೋಣ. ಒಟ್ಟು 600, ಸರಾಸರಿ 120. ಒಬ್ಬರು ಹೆಚ್ಚಾಗಿ, ಇನ್ನೊಬ್ಬರು ಕಡಿಮೆಯಾಗಿ ಅಳೆದದ್ದು ಪರಸ್ಪರ ಕಳೆದುಹೋಗಿದೆ. ‘ದ ಸ್ಮಾಲ್ ಎರರ್ಸ್ ಆವರೇಜ್ ಔಟ್’ ಎಂಬ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಈಗ ತುದಿಯ ಒಂದು ಸೆಂಟಿಮೀಟರ್ ಮುರಿದುಹೋದ ಅಳತೆಪಟ್ಟಿಯನ್ನು ಕೊಟ್ಟು, ಮುರಿದ ತುದಿಯಿಂದಲೇ ಅಳೆಯಿಸಬೇಕು. ಪ್ರತಿಯೊಬ್ಬರ ಅಳತೆಯೂ ಒಂದೊಂದು ಸೆಂಟಿಮೀಟರ್ ಹೆಚ್ಚು ಬರುತ್ತದೆ. ಸರಾಸರಿ 121 ಆಗುತ್ತದೆ. ಐದರ ಬದಲು ಐವತ್ತು ಮಕ್ಕಳು ಅಳೆದರೂ ಆ ಒಂದು ಸೆಂಟಿಮೀಟರ್ ಉಳಿದೇ ಉಳಿಯುತ್ತದೆ. ‘ದಿಸ್ ಎರರ್ ಡಸ್ ನಾಟ್ ಆವರೇಜ್ ಔಟ್.’ ಎರಡೂ ದಿಕ್ಕಿಗೆ ಚದುರಿದ ತಪ್ಪು ಸರಿದೂಗುತ್ತದೆ. ಒಂದೇ ದಿಕ್ಕಿಗೆ ವಾಲಿದ ತಪ್ಪು ಸರಿದೂಗುವುದಿಲ್ಲ. ಭೌತವಿಜ್ಞಾನದಲ್ಲಿ ಮುಂದೆ ಕಲಿಯಬೇಕಾದ ಒಂದು ಮುಖ್ಯ ತತ್ತ್ವ ಹೀಗೆ ಭಾಷಾಪಾಠದಲ್ಲೇ ಮಗುವಿಗೆ ದೊರೆತಂತಾಗುತ್ತದೆ.

ಎರಡು ಭಿನ್ನ ಸಂಗತಿಗಳ ಸರಾಸರಿಗೆ ಅರ್ಥವಿಲ್ಲದಿರುವುದೂ ಉಂಟು. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ರಾಯದುರ್ಗದ ಬಯಲಿನಲ್ಲಿ ಸಾಮಾನ್ಯವಾಗಿ 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಎರಡನ್ನೂ ಕೂಡಿಸಿ ಅರ್ಧ ಮಾಡಿದಾಗ ಬರುವಷ್ಟು ಮಳೆ ಎರಡರಲ್ಲಿ ಯಾವ ಊರಿನ ಹೊಲದಲ್ಲೂ ಸುರಿಯುವುದಿಲ್ಲ.

ಸರಾಸರಿಗಳ ಸರಾಸರಿ ತೆಗೆಯುವಾಗಲೂ ಜಾಗ್ರತೆ ಬೇಕು. ಹತ್ತು ಮಕ್ಕಳ ತರಗತಿಯ ಸರಾಸರಿ ಅಂಕ 60, ಮೂವತ್ತು ಮಕ್ಕಳ ತರಗತಿಯ ಸರಾಸರಿ 40 ಆಗಿದ್ದರೆ ಒಟ್ಟು ಸರಾಸರಿ 50 ಅಲ್ಲ. ಮೊದಲ ತರಗತಿಯ 600ಕ್ಕೆ ಎರಡನೆಯದರ 1,200 ಕೂಡಿಸಿ 40ರಿಂದ ಭಾಗಿಸಬೇಕು, ಬರುವುದು 45.

ಹಾಜರಿ ಪುಸ್ತಕದಲ್ಲಿ ‘ಆವರೇಜ್ ಔಟ್’

ಈ ಪಾಠ ಮಕ್ಕಳಿಗೆ ಮಾತ್ರ ಬೇಕಾದುದಲ್ಲ. ಶಾಲೆಯ ವರದಿಗಳೆಲ್ಲ ಸರಾಸರಿಯ ಭಾಷೆಯಲ್ಲೇ ಇರುತ್ತವೆ. ಇಪ್ಪತ್ತು ಮಕ್ಕಳ ತರಗತಿಯಲ್ಲಿ ಹದಿನೆಂಟು ಮಕ್ಕಳ ಹಾಜರಿ ಶೇಕಡ 95, ಇಬ್ಬರದು ಶೇಕಡ 45 ಎಂದುಕೊಂಡರೆ ತರಗತಿಯ ಸರಾಸರಿ ಶೇಕಡ 90 ಬೀಳುತ್ತದೆ. ವರದಿ ಓದುವವರಿಗೆ ಇದು ತೃಪ್ತಿಕರ. ಆದರೆ ಆ ಇಬ್ಬರು ಜತ್ತ ಅಥವಾ ಅಕ್ಕಲಕೋಟೆಯ ಕಡೆಯಿಂದ ತಂದೆತಾಯಿಯೊಡನೆ ಕಬ್ಬಿನ ಕಟಾವಿಗೆ ಹೋಗಿ, ತಿಂಗಳುಗಟ್ಟಲೆ ಶಾಲೆಯ ಮುಖ ಕಾಣದ ಮಕ್ಕಳಾಗಿರಬಹುದು. ಇತರರು ದಿನವೂ ಬಂದರೆಂಬ ಕಾರಣಕ್ಕೆ ಆ ಮಕ್ಕಳು ತಪ್ಪಿಸಿಕೊಂಡ ಪಾಠ ಅವರಿಗೆ ಬಂದುಬಿಡುವುದಿಲ್ಲ. ಇಲ್ಲಿ ಅಂಕಿ ಸರಿದೂಗಿದೆ, ಕಲಿಕೆ ಸರಿದೂಗಿಲ್ಲ.

ಅಂಕಗಳ ವಿಷಯವೂ ಇಷ್ಟೇ. ಐವರು ಮಕ್ಕಳು 50, 50, 50, 50, 50 ಪಡೆದರೂ ಸರಾಸರಿ 50. 10, 20, 50, 80, 90 ಪಡೆದರೂ 50. ಮೊದಲ ತರಗತಿಗೆ ಒಂದೇ ಪಾಠ ಸಾಕಾಗಬಹುದು. ಎರಡನೆಯದರಲ್ಲಿ ಇಬ್ಬರಿಗೆ ಅಕ್ಷರದಿಂದ ಮತ್ತೆ ಆರಂಭಿಸಬೇಕಾದೀತು. ಆದುದರಿಂದ ಸರಾಸರಿಯ ಪಕ್ಕದಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಗಳನ್ನೂ ಬರೆದಿಡುವ ಪದ್ಧತಿಯನ್ನು ಶಿಕ್ಷಕರು ಇಟ್ಟುಕೊಳ್ಳಬೇಕು.

ಮುರಿದ ಅಳತೆಪಟ್ಟಿಯ ಉದಾಹರಣೆಯನ್ನು ಇಲ್ಲಿಯೂ ನೆನೆಯಬಹುದು. ಪ್ರತಿವರ್ಷವೂ ಪಠ್ಯಪುಸ್ತಕ ತಡವಾಗಿ ಬರುವುದು, ಪ್ರತಿವರ್ಷವೂ ಒಂದು ವಿಷಯಕ್ಕೆ ಕನ್ನಡ ಬಲ್ಲ ಶಿಕ್ಷಕರಿಲ್ಲದಿರುವುದು ಮುಂತಾದ ಕೊರತೆಗಳು ಒಂದೇ ದಿಕ್ಕಿಗೆ ವಾಲಿದವು. ಕಾಲ ಕಳೆದಂತೆ ಅವು ತಾವಾಗಿ ಸರಿಹೋಗುವುದಿಲ್ಲ. ಅವುಗಳನ್ನು ಗುರುತಿಸಿ ಪ್ರತ್ಯೇಕವಾಗಿ ಬರೆದು ಸಂಬಂಧಪಟ್ಟವರ ಗಮನಕ್ಕೆ ತರಬೇಕಾಗುತ್ತದೆ.

ಅಭ್ಯಾಸ

ಪಾಠದ ಕೊನೆಯಲ್ಲಿ ಈ ಕೆಳಗಿನ ಅಭ್ಯಾಸಗಳನ್ನು ಮಾಡಿಸಬಹುದು.

1. ಮನೆಯಲ್ಲಿ ಒಂದು ವಾರದ ಹಾಲು, ತರಕಾರಿ ಅಥವಾ ಬಸ್ಸಿನ ಖರ್ಚನ್ನು ಬರೆದುಕೊಂಡು ಬಂದು, ‘ಆವರೇಜಸ್ ಔಟ್ ಅಟ್’ ಬಳಸಿ ಒಂದು ವಾಕ್ಯ ರಚಿಸುವುದು.

2. ‘ಸರಿದೂಗುತ್ತದೆ’ ಎಂದು ಮನೆಯ ಹಿರಿಯರು ಯಾವ ಯಾವ ಸಂದರ್ಭದಲ್ಲಿ ಹೇಳುತ್ತಾರೆಂದು ಕೇಳಿ ತಿಳಿದು, ಅವುಗಳಲ್ಲಿ ಎರಡನ್ನು ಇಂಗ್ಲಿಷಿಗೆ ತರುವುದು.

3. ‘ಆವರೇಜ್ ಔಟ್ ದ ಮಾರ್ಕ್ಸ್’ ಎಂಬುದನ್ನು ‘ದೆಮ್’ ಬಳಸಿ ತಿರುಗಿಸಿ ಬರೆಯುವುದು. ಬಳಿಕ ಕರ್ಮಣಿ ಪ್ರಯೋಗಕ್ಕೆ ಬದಲಿಸುವುದು.

4. ‘ಡಸ್ ನಾಟ್ ಆವರೇಜ್ ಔಟ್’ ಅಥವಾ ‘ಡು ನಾಟ್ ಆವರೇಜ್ ಔಟ್’ ಎಂಬುದನ್ನು ಬಳಸಿ, ತನ್ನ ಊರಿನಲ್ಲಿ ತಾನಾಗಿ ಸರಿಹೋಗದ ಒಂದು ಸಂಗತಿಯನ್ನು ಹೇಳುವುದು.

ನಾಲ್ಕನೆಯ ಅಭ್ಯಾಸದ ಉತ್ತರಗಳನ್ನು ವ್ಯಾಕರಣದ ದೃಷ್ಟಿಯಿಂದಷ್ಟೇ ತಿದ್ದಿ ಬಿಡಬಾರದು. ನೀರು, ಬಸ್ಸು, ಪುಸ್ತಕ, ಕೂಲಿ ಎಂದು ಮಕ್ಕಳು ಬರೆಯುವ ವಾಕ್ಯಗಳಲ್ಲಿ ಅವರು ಕಂಡ ಲೋಕವಿರುತ್ತದೆ. ಒಂದು ವಾಕ್ಯದಲ್ಲಿ ಅದನ್ನು ಸ್ಪಷ್ಟವಾಗಿ ಹೇಳಬಲ್ಲ ವಿದ್ಯಾರ್ಥಿಗೆ ಆ ಫ್ರೇಸಲ್ ವರ್ಬ್ ಬಂದಂತೆಯೇ ಎಂದು ತಿಳಿಯಬಹುದು.